ನಾಸ್ತಿಕರಿಗೂ ಸೀಟುಂಟು!

ನಿಮಗಿದು ಗೊತ್ತೇ? ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಥಿಯಾಲಜಿ, ಅಂದರೆ ದೈವಶಾಸ್ತ್ರ, ಓದಲು ಅರ್ಜಿ ಹಾಕುವವರನ್ನು ‘ನೀವು ಯಾವ ದೇವರ ಒಕ್ಕಲು?’ ಎಂದು ಯಾರೂ ಕೇಳುವುದಿಲ್ಲ. ದೇವರೇ ಇಲ್ಲ ಎನ್ನುವವರೂ ಸೇರಬಹುದು. ಓದು ಮುಗಿಸಿ ಪಾದ್ರಿಯಾಗಲೇಬೇಕೆಂಬ ಕರಾರೂ ಇಲ್ಲ.

ಹಿಂದೆ ಹೀಗಿರಲಿಲ್ಲ. 1581ರಿಂದ ಆಕ್ಸ್‌ಫರ್ಡ್ ಸೇರುವವರು, ಓದುವುದು ಗಣಿತವೇ ಆದರೂ, ಇಂಗ್ಲೆಂಡ್ ಚರ್ಚಿನ 39 ವಿಧಿಗಳನ್ನು ಒಪ್ಪಿ ಸಹಿ ಹಾಕಬೇಕಿತ್ತು. ಸೇರುವಾಗಿನ ಈ ಸಹಿ ತಪ್ಪಿದ್ದು 1854ರಲ್ಲಿ. ಮಿಕ್ಕ ಧಾರ್ಮಿಕ ಕಟ್ಟುಪಾಡುಗಳನ್ನು 1871ರ ಕಾಯ್ದೆ ಕಿತ್ತುಹಾಕಿತು. ಆದರೆ ದೈವಶಾಸ್ತ್ರದ ಪದವಿಗಳ ತಂಟೆಗೆ ಅದೂ ಹೋಗಲಿಲ್ಲ!

ಬ್ರಿಟನ್ನಿನಲ್ಲಿ ‘ಯುಕಾಸ್’ ಎಂಬ ಒಂದೇ ಅರ್ಜಿಯಲ್ಲಿ ಐದು ಕೋರ್ಸುಗಳವರೆಗೆ ಆರಿಸಿಕೊಳ್ಳಬಹುದು. ಆದರೆ ಪದವಿಗೆ ಒಂದೇ ವರ್ಷ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡಕ್ಕೂ ಹಾಕುವಂತಿಲ್ಲ. ಇವೆರಡರ ಗಡುವು ಅಕ್ಟೋಬರ್ 15. ತರಗತಿ ಶುರುವಾಗುವುದು ಮುಂದಿನ ವರ್ಷ.

ಅರ್ಜಿಯ ಜೊತೆ ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಬರೆಯಬೇಕು. ಖಾಲಿ ಜಾಗಗಳೂ ಸೇರಿ 4000 ಅಕ್ಷರ ಮೀರುವಂತಿಲ್ಲ. 2026ರ ಪ್ರವೇಶದಿಂದ ಇದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯವೇ ಏಕೆ, ಈವರೆಗಿನ ಓದು ಅದಕ್ಕೆ ಹೇಗೆ ಅಣಿಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಭಕ್ತಿಯ ಬಗ್ಗೆ ಚಕಾರವಿಲ್ಲ.

ಹೀಬ್ರೂ, ಗ್ರೀಕ್, ಕುರಾನಿನ ಅರಬ್ಬಿ, ಸಂಸ್ಕೃತ – ಇವೆಲ್ಲ ದೈವಶಾಸ್ತ್ರದ ಕೋರ್ಸಿನೊಳಗೆ ಸಿಗುವ ಭಾಷೆಗಳು. ಮೊದಲೇ ಬರಬೇಕಿಲ್ಲ, ಅಕ್ಷರಮಾಲೆಯಿಂದಲೇ ಕಲಿಸುತ್ತಾರೆ.

ಆಕ್ಸ್‌ಫರ್ಡ್‌ನ ಸಂಸ್ಕೃತ ಪೀಠದ ಹಿಂದಿನ ಉದ್ದೇಶ ಕೇಳಿದರೆ ಹುಬ್ಬೇರೀತು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಜೋಸೆಫ್ ಬೋಡನ್ ಹಣ ಬಿಟ್ಟುಹೋದದ್ದು ಬೈಬಲ್ ಸಂಸ್ಕೃತಕ್ಕೆ ಬಂದು ಭಾರತೀಯರು ಕ್ರೈಸ್ತರಾಗಲಿ ಎಂದು! 1860ರಲ್ಲಿ ಈ ಪೀಠಕ್ಕೆ ಚುನಾವಣೆಯೇ ನಡೆಯಿತು. ಋಗ್ವೇದವನ್ನು ಅಚ್ಚಿಗೆ ಸಿದ್ಧಪಡಿಸುತ್ತಿದ್ದ ಮ್ಯಾಕ್ಸ್ ಮುಲ್ಲರ್‌ಗೆ ಬಿದ್ದದ್ದು 610 ಮತ. 833 ಮತ ಪಡೆದು ಗೆದ್ದವರು ಮೋನಿಯರ್ ವಿಲಿಯಮ್ಸ್. ಮುಲ್ಲರ್ ಜರ್ಮನಿಯವರು, ಧರ್ಮದ ವಿಚಾರದಲ್ಲಿ ಉದಾರಿ. ಎರಡೂ ಅವರಿಗೆ ಮುಳುವಾದವು. ಪಾಂಡಿತ್ಯಕ್ಕಷ್ಟೇ ಮತ ಬಿದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತೇನೋ.

ಅದೇ ಆಕ್ಸ್‌ಫರ್ಡ್ 1936ರಲ್ಲಿ ಪೌರ್ವಾತ್ಯ ಧರ್ಮಗಳ ಸ್ಪಾಲ್ಡಿಂಗ್ ಪೀಠಕ್ಕೆ ಮೊದಲ ಪ್ರಾಧ್ಯಾಪಕರಾಗಿ ಕರೆಸಿಕೊಂಡದ್ದು ಎಸ್. ರಾಧಾಕೃಷ್ಣನ್ ಅವರನ್ನು. ಹೌದು, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ಅದೇ ಮೇಷ್ಟ್ರು. 1921ರಲ್ಲಿ ಅವರು ಕಲ್ಕತ್ತೆಗೆ ಹೊರಟಾಗ ಹೂವಿನಿಂದ ಸಿಂಗರಿಸಿದ ಗಾಡಿಯನ್ನು ರೈಲು ನಿಲ್ದಾಣದವರೆಗೆ ಶಿಷ್ಯರೇ ಎಳೆದರು.

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ದೈವಶಾಸ್ತ್ರ ಓದಲು ಹೋದ ಕೆಪ್ಲರ್ ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ. ಅಲ್ಲೇ ದೈವಶಾಸ್ತ್ರ ಓದಿದ ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ನಿಘಂಟಿನ ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಟ್ಯೂಬಿಂಗನ್ನೇ.

ಹ್ಯಾರಿ ಪಾಟರ್ ಮೊದಲ ಸಿನಿಮಾದ ಆಸ್ಪತ್ರೆ ಕೋಣೆ ನೆನಪಿದೆಯೇ? ಅದು ಆಕ್ಸ್‌ಫರ್ಡ್‌ನಲ್ಲಿ 15ನೇ ಶತಮಾನದಲ್ಲಿ ದೈವಶಾಸ್ತ್ರದ ಪಾಠಕ್ಕೆಂದೇ ಕಟ್ಟಿದ ಡಿವಿನಿಟಿ ಸ್ಕೂಲ್.

ದೈವಶಾಸ್ತ್ರ ಓದಲು ಹಡಗು, ವಿಮಾನ ಏರಲೇಬೇಕೆಂದಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದಲೂ ಇದೆ. ಅದು ಸೇರಿದ್ದು ಬಂಗಾಳದ ಸೆರಾಂಪುರದ ವ್ಯವಸ್ಥೆಗೆ. ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ, ಡೆನ್ಮಾರ್ಕಿನ ದೊರೆಯಿಂದ. ಆಗ ಆ ಊರು ಡೇನರದು. ಕಲ್ಕತ್ತ, ಬಾಂಬೆ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಲು ಇನ್ನೂ 30 ವರ್ಷ ಬಾಕಿಯಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗಿಂತ ಒಂದು ವ್ಯತ್ಯಾಸವಿದೆ: ಈ ವ್ಯವಸ್ಥೆಯಲ್ಲಿ ದೈವಶಾಸ್ತ್ರದ ಬಿ.ಡಿ. ಪದವಿಗೆ ಬರುವವರು ಸಾಮಾನ್ಯವಾಗಿ ತಮ್ಮ ಚರ್ಚ್ ಸಭೆಯ ಶಿಫಾರಸು ಹಿಡಿದೇ ಬರುತ್ತಾರೆ.