ನಟರ ಕಂಠವೂ ಧ್ವನಿಮುದ್ರಣವೂ

ಅಭಿನಯದಿಂದ ಹೆಸರಾದವರು ಧ್ವನಿಮುದ್ರಿಕೆಗಳ ಮೂಲಕ ಗಾಯಕರಾಗಿಯೂ ಪ್ರಸಿದ್ಧಿಗೆ ಬಂದ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಉಂಟು. ಟೆಲಿವಿಷನ್ ಬಂದಮೇಲೆ ಪಾಶ್ಚಾತ್ಯ ದೇಶಗಳಲ್ಲಿ ಇದು ಒಂದು ಉದ್ಯಮವೇ ಆಗಿ ಬೆಳೆಯಿತು. ಅಮೆರಿಕದಲ್ಲಿ ರಿಕಿ ನೆಲ್ಸನ್ ಎಂಬ ತರುಣನು ತನ್ನ ತಂದೆತಾಯಿಗಳೊಡನೆ ನಟಿಸುತ್ತಿದ್ದ ಧಾರಾವಾಹಿಯಲ್ಲಿಯೇ 1957ರಲ್ಲಿ ಹಾಡತೊಡಗಿದನು. ಮರುವರ್ಷವೇ ಅವನ ರೆಕಾರ್ಡೊಂದು ಆ ದೇಶದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೆ ಏರಿತು. ಅಲ್ಲಿ ಮುಖವು ಮನೆಮನೆಗೂ ಮೊದಲು ಪರಿಚಿತವಾಗಿ, ಆ ಪರಿಚಯದ ಬಲದಿಂದ ಕಂಠಕ್ಕೆ ಬೆಲೆ ಬಂದಿತೆಂದು ಹೇಳಬಹುದು. ಕರ್ಣಾಟಕದಲ್ಲಿ ಈ ಕ್ರಮವು ತಿರುಗುಮುರುಗಾಗಿದೆ. ಇಲ್ಲಿ ಕಂಠವೇ ಮೊದಲು. ಕಂಠವಿದ್ದವನಿಗೆ ವೇಷವು ದೊರೆಯುತ್ತಿತ್ತು. ಇಂದಿನ ಕಿರುತೆರೆಯ ನಟನಟಿಯರಲ್ಲಿ ಧ್ವನಿಮುದ್ರಿಕೆಗಳಿಂದ ಹೆಸರು ಪಡೆದವರು ಯಾರೆಂದು ಹುಡುಕಹೊರಟರೆ, ಆ ಹುಡುಕಾಟವು ಕಿರುತೆರೆಯಲ್ಲಿ ನಿಲ್ಲದೆ ಕಂಪೆನಿ ನಾಟಕಗಳ ರಂಗಸ್ಥಳದವರೆಗೂ ಹೋಗಬೇಕಾಗುತ್ತದೆ.

ನಟನೂ ಗಾಯಕನೂ ಒಬ್ಬನೇ ಆಗಿರತಕ್ಕದ್ದೆಂಬುದು ಈ ನಾಡಿನ ಅನಾದಿ ನಿಯಮವೇನೂ ಅಲ್ಲ. ಕರಾವಳಿಯ ಯಕ್ಷಗಾನದಲ್ಲಿ ಹಾಡುವವನು ಭಾಗವತನು. ವೇಷಧಾರಿಯು ಆ ಹಾಡಿಗೆ ಕುಣಿದು, ಬಳಿಕ ಅದರ ಅರ್ಥವನ್ನು ಮಾತಿನಲ್ಲಿ ವಿಸ್ತರಿಸುತ್ತಾನೆ. ಹಾಡಿನ ಕಂಠವು ಒಬ್ಬನದು, ದೇಹವು ಇನ್ನೊಬ್ಬನದು ಎಂಬ ವ್ಯವಸ್ಥೆಯು ಯಾವ ಯಂತ್ರದ ಸಹಾಯವೂ ಇಲ್ಲದೆ ಬಹುಕಾಲದಿಂದ ನಡೆದುಬಂದಿರುವುದಕ್ಕೆ ಇದು ಸಾಕ್ಷಿ. ಅವೆರಡನ್ನೂ ಒಬ್ಬನಲ್ಲಿಯೇ ಕೂಡಿಸಿದವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ತಲೆಯೆತ್ತಿದ ವೃತ್ತಿನಾಟಕ ಮಂಡಲಿಗಳು. 1884ರಲ್ಲಿ ಆರಂಭವಾಗಿ ಮುಂದೆ ವೀರಣ್ಣನವರ ಕೈಯಲ್ಲಿ ವಿಸ್ತಾರವಾಗಿ ಬೆಳೆದ ಗುಬ್ಬಿ ಕಂಪೆನಿಯಲ್ಲಿಯೂ, ಉತ್ತರ ಕರ್ಣಾಟಕದ ಮಂಡಲಿಗಳಲ್ಲಿಯೂ ಶಾರೀರವಿಲ್ಲದವನಿಗೆ ಪ್ರಧಾನ ಪಾತ್ರವು ಸಿಕ್ಕುವುದು ದುರ್ಲಭವಾಗಿತ್ತು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಡೇರೆಯ ಕಟ್ಟಕಡೆಯ ಸಾಲಿನವನಿಗೂ ಹಾರ್ಮೋನಿಯಂ ತಬಲಗಳನ್ನು ಮೀರಿ ಕೇಳಿಸಬೇಕಾಗಿದ್ದುದು ನಟನ ಕಂಠ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ಕಥೆಯು ಅಲ್ಲಿಯೇ ನಿಂತು, ಸತ್ತು ಬಿದ್ದಿದ್ದ ವೀರನೂ ಎದ್ದು ಮತ್ತೊಮ್ಮೆ ಹಾಡಬೇಕಾಗುತ್ತಿತ್ತೆಂದು ವಿನೋದವಾಗಿ ಹೇಳುವುದುಂಟು.

ಇಂಥ ಕಂಠಗಳನ್ನೇ ಧ್ವನಿಮುದ್ರಣ ಕಂಪೆನಿಗಳು ಅರಸಿ ಬಂದುದರಲ್ಲಿ ಆಶ್ಚರ್ಯವಿಲ್ಲ. ಗ್ರಾಮಫೋನ್ ಕಂಪೆನಿಯ ಪರವಾಗಿ ಗೈಸ್‌ಬರ್ಗ್ ಎಂಬಾತನು 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಈ ದೇಶದ ಗಾಯನವನ್ನು ಮೊದಲಿಗೆ ಮುದ್ರಿಸಿಕೊಂಡನಷ್ಟೆ. ಮೈಕ್ರೊಫೋನು ಬಳಕೆಗೆ ಬಂದುದು 1925ರ ಸುಮಾರಿನಲ್ಲಿ. ಅದುವರೆಗೆ ಗಾಯಕನು ತುತ್ತೂರಿಯಾಕಾರದ ಕೊಳವೆಯೊಂದರ ಬಾಯಿಗೆ ಸಮೀಪವಾಗಿ ನಿಂತು ಗಟ್ಟಿಯಾಗಿ ಹಾಡಬೇಕಾಗಿತ್ತು. ಮೆಲುದನಿಯವರಿಗೆ ಅದು ಅನುಕೂಲವಲ್ಲ. ಡೇರೆಯಲ್ಲಿ ಪಳಗಿದವರಿಗೆ ಅದು ಶ್ರಮವೇ ಅಲ್ಲ. ಆದರೆ ತಟ್ಟೆಯ ಒಂದು ಮೈಯಲ್ಲಿ ಮೂರು ಮೂರೂವರೆ ನಿಮಿಷಗಳಿಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ರಂಗದ ಮೇಲೆ ಕಾಲು ಗಂಟೆ ಬೆಳೆಯಬಹುದಾಗಿದ್ದ ಹಾಡನ್ನು ಪಲ್ಲವಿ, ಒಂದು ನುಡಿ, ನಾಲ್ಕಾರು ತಾನಗಳಿಗೆ ಇಳಿಸಬೇಕಾಯಿತು. ಇಂದು ‘ಹಳೆಯ ರಂಗಗೀತೆ’ ಎಂದು ಆದರದಿಂದ ಕೇಳುವ ರೂಪವು ಬಹುಮಟ್ಟಿಗೆ ಈ ತಟ್ಟೆಯ ಅಳತೆಗೆ ಕತ್ತರಿಸಿದ ರೂಪವೆಂಬುದನ್ನು ಮರೆಯಲಾಗದು. ಇನ್ನೊಂದು ಸಂಗತಿಯೂ ಗಮನಾರ್ಹವಾಗಿದೆ. ಮೊದಲಿನ ದಿನಗಳಲ್ಲಿ ಗಾಯಕರು ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಉಚ್ಚರಿಸುತ್ತಿದ್ದರು. ತಟ್ಟೆಗಳು ದೂರದ ಜರ್ಮನಿಯಲ್ಲಿ ಅಚ್ಚಾಗುತ್ತಿದ್ದುದರಿಂದ ಅಲ್ಲಿನ ಕೆಲಸಗಾರರಿಗೆ ಗುರುತು ತಿಳಿಯಲೆಂದು ಹೀಗೆ ಮಾಡುತ್ತಿದ್ದುದು. ಕಲ್ಕತ್ತೆಯ ಗೌಹರ್ ಜಾನಳ ತಟ್ಟೆಗಳಲ್ಲಿ ಇದು ಪ್ರಸಿದ್ಧವಾಗಿದೆ. ಕಂಠವು ಯಾರದೆಂಬ ಪ್ರಶ್ನೆಗೆ ಆಗ ಕಂಠವೇ ಉತ್ತರ ಹೇಳುತ್ತಿತ್ತು.

ಮಲ್ಲಿಕಾರ್ಜುನ ಮನಸೂರರು (1910–1992) ಹಿಂದೂಸ್ತಾನಿ ಗಾಯಕರೆಂದೇ ಲೋಕಕ್ಕೆ ಪರಿಚಿತರಾದರೂ, ಅವರ ಸಂಗೀತವು ಮೊದಲು ಜನರ ಕಿವಿಗೆ ಬಿದ್ದುದು ವಾಮನರಾವ್ ಮಾಸ್ತರರ ನಾಟಕ ಮಂಡಲಿಯಲ್ಲಿ ಬಾಲನಟರಾಗಿದ್ದಾಗ. ಅವರು ಪ್ರಹ್ಲಾದ, ಧ್ರುವ ಮೊದಲಾದ ಪಾತ್ರಗಳನ್ನು ವಹಿಸುತ್ತಿದ್ದರು. ರಂಗದ ಮೇಲೆ ಹಾಡುತ್ತಿದ್ದ ಹುಡುಗನನ್ನು ಕೇಳಿ ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದವರು ಮಿರಜಿನ ನೀಲಕಂಠಬುವಾ ಅವರು. 1930ರ ದಶಕದಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿಯು ಮನಸೂರರ ತಟ್ಟೆಗಳನ್ನು ಹೊರಡಿಸಿತು. ಅವುಗಳಲ್ಲಿ ಕನ್ನಡ ಹಾಡುಗಳೂ ಇದ್ದುವು. ಬಿಜಾಪುರ ಸೀಮೆಯ ಬೀಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿ (ನಿಧನ 1965) ಮತ್ತು ಅವರ ಅಕ್ಕ ಗೋಹರಬಾಯಿಯವರ ವೃತ್ತಾಂತವು ಇನ್ನೂ ಜಟಿಲವಾದುದು. ಗೋಹರಬಾಯಿಯವರು ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರೊಡನೆ ಹಾಡಿ ನಟಿಸಿದರು. ಅಮೀರಬಾಯಿಯವರು ಮುಂಬಯಿಯ ಚಿತ್ರಗಳಲ್ಲಿ ತಾವೂ ನಟಿಸಿ, 1943ರ ‘ಕಿಸ್ಮತ್’ ಚಿತ್ರದಲ್ಲಿ ಪರದೆಯ ಮೇಲೆ ಕಾಣುವ ಬೇರೊಬ್ಬ ನಟಿಗೆ ಕಂಠವನ್ನು ಕೊಟ್ಟು, ಕನ್ನಡದಲ್ಲಿಯೂ ತಟ್ಟೆಗಳನ್ನು ಹಾಡಿದರು. ನಟಿ, ತಟ್ಟೆಯ ಗಾಯಕಿ, ಹಿನ್ನೆಲೆಯ ಗಾಯಕಿ ಎಂಬ ಮೂರು ಅವಸ್ಥೆಗಳೂ ಒಂದೇ ಜೀವಮಾನದಲ್ಲಿ ಸೇರಿದ ಇಂಥ ನಿದರ್ಶನಗಳು ವಿರಳ. ಅವರ ಜೀವನವನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಗ್ರಂಥವನ್ನೇ ರಚಿಸಿರುವುದರಿಂದ ಇಲ್ಲಿ ವಿಸ್ತರಿಸುವ ಅವಶ್ಯಕತೆಯಿಲ್ಲ.

1934ರಲ್ಲಿ ‘ಸತಿ ಸುಲೋಚನಾ’ ತೆರೆಕಂಡಾಗ ಕನ್ನಡ ವಾಕ್ಚಿತ್ರವು ಕಂಪೆನಿ ನಾಟಕದ ಮುಂದುವರಿಕೆಯಾಗಿಯೇ ಹುಟ್ಟಿತು. ಸುಬ್ಬಯ್ಯನಾಯ್ಡು, ನಾಗೇಂದ್ರರಾವ್ ಮೊದಲಾದವರು ರಂಗದ ಮೇಲೆ ಹಾಡುತ್ತಿದ್ದಂತೆಯೇ ಕ್ಯಾಮರಾದ ಮುಂದೆಯೂ ಹಾಡಿದರು. 1945ರ ‘ಹೇಮರೆಡ್ಡಿ ಮಲ್ಲಮ್ಮ’ದಲ್ಲಿ ಬಿ. ಜಯಮ್ಮನವರೊಡನೆ ನಟಿಸಿದ, ಮುಂದೆ 1955ರಲ್ಲಿ ‘ಮಹಾಕವಿ ಕಾಳಿದಾಸ’ವನ್ನು ನಿರ್ಮಿಸಿದ ಹೊನ್ನಪ್ಪ ಭಾಗವತರು (1915–1992) ಈ ಪರಂಪರೆಯ ಕೊನೆಯ ದೊಡ್ಡ ಹೆಸರು. ಆದರೆ 1935ರಲ್ಲಿಯೇ ಕಲ್ಕತ್ತೆಯ ಚಿತ್ರವೊಂದರಲ್ಲಿ ಹಾಡನ್ನು ಮೊದಲು ಮುದ್ರಿಸಿಕೊಂಡು, ಬಳಿಕ ಅದಕ್ಕೆ ತುಟಿಯಾಡಿಸುವ ಪದ್ಧತಿಯು ಬಂದಿತ್ತು. ಅದು ನಿಧಾನವಾಗಿ ಎಲ್ಲೆಡೆಯೂ ರೂಢವಾಯಿತು. ಅದರ ಫಲವೇನಾಯಿತೆಂಬುದು 1949ರ ‘ಮಹಲ್’ ಎಂಬ ಹಿಂದೀ ಚಿತ್ರದ ತಟ್ಟೆಯಿಂದ ಸ್ಪಷ್ಟವಾಗುತ್ತದೆ. ಅದರ ಪ್ರಸಿದ್ಧ ಹಾಡನ್ನು ಹಾಡಿದವರು ಲತಾ ಮಂಗೇಶ್ಕರ್. ತಟ್ಟೆಯ ಮೇಲೆ ಮೊದಲು ಅಚ್ಚಾದುದು ‘ಕಾಮಿನಿ’ ಎಂಬ ಪಾತ್ರದ ಹೆಸರು. ನಲವತ್ತೇಳು ವರ್ಷಗಳ ಹಿಂದೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದ ಕಂಠವು ಈಗ ಇಲ್ಲದ ಹೆಣ್ಣೊಬ್ಬಳ ಹೆಸರಿನಲ್ಲಿ ಮಾರಾಟವಾಯಿತು. ಕನ್ನಡದಲ್ಲಿ ಬೇರೊಬ್ಬರ ಮುಖಕ್ಕೆ ಮಾತನಾಡುವ ಕೆಲಸಕ್ಕೆ ‘ಕಂಠದಾನ’ವೆಂಬ ಹೆಸರು ಬಂದಿರುವುದೂ ವಿಚಾರಯೋಗ್ಯ. ಸಂಬಳ ಪಡೆದು ಮಾಡುವುದನ್ನು ದಾನವೆನ್ನುವುದು ಲೌಕಿಕದಲ್ಲಿ ಸರಿಯಲ್ಲ. ಆದರೆ ಕೊಟ್ಟ ವಸ್ತುವಿನ ಮೇಲೆ ಕೊಟ್ಟವನಿಗೆ ಮತ್ತೆ ಸ್ವತ್ವವಿಲ್ಲವೆಂಬ ಅರ್ಥದಲ್ಲಿ ಈ ಮಾತು ಅನುಭವಕ್ಕೆ ಹತ್ತಿರವಾಗಿಯೇ ಇದೆ.

ಈ ವಿಭಜನೆಯೊಳಗಿದ್ದುಕೊಂಡೇ ಅದನ್ನು ಮೀರಿದವರು ರಾಜಕುಮಾರರು. ಗುಬ್ಬಿ ಕಂಪೆನಿಯ ನಟ ಪುಟ್ಟಸ್ವಾಮಯ್ಯನವರ ಮಗನಾಗಿ ಅವರು ರಂಗದಲ್ಲಿಯೇ ಸಂಗೀತವನ್ನು ಕಲಿತವರು. 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದರೂ, 1956ರ ‘ಓಹಿಲೇಶ್ವರ’, 1959ರ ‘ಮಹಿಷಾಸುರ ಮರ್ದಿನಿ’ ಮೊದಲಾದವುಗಳಲ್ಲಿ ಒಂದೊಂದು ಹಾಡನ್ನು ಬಿಟ್ಟರೆ, ಸುಮಾರು ಇಪ್ಪತ್ತು ವರ್ಷ ಅವರ ಮುಖಕ್ಕೆ ಹಾಡಿದವರು ಪ್ರಧಾನವಾಗಿ ಪಿ.ಬಿ. ಶ್ರೀನಿವಾಸರು. ಕೇಳುವವರಿಗೆ ಆ ಕಂಠವೇ ರಾಜಕುಮಾರರ ಕಂಠವಾಗಿಬಿಟ್ಟಿತ್ತು. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಎಮ್ಮೆಯ ಮೇಲೆ ಕುಳಿತು ಹಾಡುವ ಒಂದು ಸನ್ನಿವೇಶಕ್ಕೆ ಜಿ.ಕೆ. ವೆಂಕಟೇಶರ ಸಂಗೀತದಲ್ಲಿ ಅವರೇ ಹಾಡಿದರು. ಜನರು ಅದನ್ನು ಒಪ್ಪಿದರು. ಅಲ್ಲಿಂದ ಮುಂದೆ ಅವರು ಚಿತ್ರಗಳಲ್ಲಿ ಮಾತ್ರವಲ್ಲದೆ ತಟ್ಟೆ ಕ್ಯಾಸೆಟ್ಟುಗಳಲ್ಲಿಯೂ ಭಕ್ತಿಗೀತೆಗಳನ್ನು ಹಾಡಿ, 1992ರ ‘ಜೀವನಚೈತ್ರ’ದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ನಟನೊಬ್ಬನು ಹಾಡಲು ತೊಡಗಿದನೆಂದು ಈ ಘಟನೆಯನ್ನು ವರ್ಣಿಸುವುದು ವಾಡಿಕೆ. ಹಾಡುತ್ತಿದ್ದವನೇ ಇಪ್ಪತ್ತು ವರ್ಷ ಸುಮ್ಮನಿದ್ದು ಮತ್ತೆ ಹಾಡಿದನೆಂದರೆ ಹೆಚ್ಚು ಯಥಾರ್ಥವಾದೀತು.

ಇನ್ನು ಟೆಲಿವಿಷನ್ನಿನ ವಿಷಯ. ಕರ್ಣಾಟಕದ ಹಳ್ಳಿಗಳಿಗೆ ಅದು ಬಂದುದು 1975–76ರ ಉಪಗ್ರಹ ಶಿಕ್ಷಣ ಪ್ರಯೋಗದ ಮೂಲಕ. ಬೆಂಗಳೂರಿನಲ್ಲಿ ದೂರದರ್ಶನದ ಪ್ರಸಾರವು 1981ರಲ್ಲಿ ಪ್ರಾರಂಭವಾಯಿತು. ಮೊಸಳೆಯ ಜೋಡಿ ದೇವಾಲಯಗಳಿಂದ ಶಿಲ್ಪಾಭ್ಯಾಸಿಗಳಿಗೆ ಪರಿಚಿತವಾದ ಹಾಸನ ಸೀಮೆಯು ಈ ಚರಿತ್ರೆಯಲ್ಲಿ ಎರಡು ಬಗೆಯಾಗಿ ಸೇರುತ್ತದೆ. ಮೊದಲನೆಯದು ಯಂತ್ರಕ್ಕೆ ಸಂಬಂಧಿಸಿದುದು: 1982ರಲ್ಲಿ ಹಾಸನದಲ್ಲಿ ಸ್ಥಾಪಿತವಾದ ಮುಖ್ಯ ನಿಯಂತ್ರಣ ಕೇಂದ್ರದಿಂದಲೇ ಇನ್‌ಸಾಟ್ ಉಪಗ್ರಹಗಳನ್ನು ಅಂತರಿಕ್ಷದಲ್ಲಿ ಅವುಗಳ ಸ್ಥಾನದಲ್ಲಿ ನಿಲ್ಲಿಸಿ ನಡೆಯಿಸುತ್ತ ಬಂದಿರುವುದು, ದೇಶದ ಟೆಲಿವಿಷನ್ ಪ್ರಸಾರವು ದೂರದೂರದ ಊರುಗಳಿಗೆ ಹರಡಿದುದು ಆ ಉಪಗ್ರಹಗಳ ಮೂಲಕ. ಎರಡನೆಯದು ಗಾಯನಕ್ಕೆ ಸಂಬಂಧಿಸಿದುದು. ಅದು ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥರ (1939–2009) ಹೆಸರಿನೊಡನೆ ಬರುತ್ತದೆ. (ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಸಂಗೀತಗಾರರ ಊರೆಂದು ಇವೆರಡಕ್ಕಿಂತಲೂ ಹಳೆಯ ಕೀರ್ತಿಯುಳ್ಳದ್ದು, ಆದರೆ ಅಲ್ಲಿಯ ಆರ್.ಕೆ. ಶ್ರೀಕಂಠನ್ ಮೊದಲಾದವರ ಹೆಸರು ಕಚೇರಿ ಮತ್ತು ಆಕಾಶವಾಣಿಗಳಿಂದ ಬಂದುದಾಗಿ, ಪ್ರಕೃತ ವಿಷಯಕ್ಕೆ ಹೊರಗಿನದು.)

ಕಿರುತೆರೆಯ ಧಾರಾವಾಹಿಯಲ್ಲಿ ನಟನು ಹಾಡಬೇಕಾಗಿಲ್ಲ. ಹಾಡಿದಂತೆ ತುಟಿಯಾಡಿಸಬೇಕಾಗಿಯೂ ಇಲ್ಲ. ಕನ್ನಡಿಗರು ಕಂಡ ಪ್ರದರ್ಶನ ಪ್ರಕಾರಗಳಲ್ಲಿ ಹಾಡಿನೊಡನೆ ನಟನಿಗೆ ಯಾವ ಸಂಬಂಧವನ್ನೂ ವಿಧಿಸದೆ ಜನಪ್ರಿಯವಾದುದು ಇದೇ ಮೊದಲೆಂದರೆ ತಪ್ಪಾಗಲಾರದು. ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿ 1986ರಲ್ಲಿ ಪ್ರಸಾರವಾದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಎಲ್. ವೈದ್ಯನಾಥನ್ ಕೂಡಿಸಿದ ಶೀರ್ಷಿಕೆಯ ಸಂಗೀತಕ್ಕೆ ಮಾತೇ ಇಲ್ಲ. ಅದರ ಒಂದು ಕಥೆಯಲ್ಲಿ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತೆಯಾಗಿ ಕಾಣಿಸಿಕೊಂಡ ವಿಷ್ಣುವರ್ಧನರು (1950–2009) ಅಯ್ಯಪ್ಪನ ಭಕ್ತಿಗೀತೆಗಳ ಧ್ವನಿಮುದ್ರಿಕೆಗಳಿಂದಲೂ ಜನಪ್ರಿಯರಾದವರು. ಆದರೆ ಈ ಎರಡು ಕೆಲಸಗಳಿಗೂ ಒಂದಕ್ಕೊಂದು ನಂಟಿಲ್ಲ. ಅಮೆರಿಕದಲ್ಲಿ ಧಾರಾವಾಹಿಯೇ ಹಾಡನ್ನು ಹೆತ್ತಿತು. ಇಲ್ಲಿ ಹಾಡು ಧಾರಾವಾಹಿಯ ಹೊರಗೆ ಬೆಳೆಯಿತು. ಬಾಲನಟರಾಗಿದ್ದಾಗಲೇ ಚಿತ್ರಗಳಲ್ಲಿ ಹಾಡಿದ ಪುನೀತ್ ರಾಜಕುಮಾರರು (1975–2021) 2012ರಲ್ಲಿ ಕಿರುತೆರೆಯ ಪ್ರಶ್ನೋತ್ತರ ಕಾರ್ಯಕ್ರಮವನ್ನು ನಡೆಸಲು ಬಂದುದೂ ಹಾಡಿನಿಂದಲ್ಲ. ಕಿರುತೆರೆಯು ಇಲ್ಲಿ ಮಾಡಿದ ಕೆಲಸವು ಇದಕ್ಕೆ ವಿಪರೀತವಾದುದು: ನಟನನ್ನು ತಟ್ಟೆಗೆ ತರುವುದಕ್ಕೆ ಬದಲಾಗಿ, ಹಿನ್ನೆಲೆಯಲ್ಲಿದ್ದ ಗಾಯಕನನ್ನು ಮುಂದಕ್ಕೆ ಕರೆತಂದಿತು. ಎಸ್.ಪಿ. ಬಾಲಸುಬ್ರಹ್ಮಣ್ಯಂ (1946–2020) ಅವರ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವು ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ.

ಧಾರಾವಾಹಿಯ ಹೊರಗೆ ಹಾಡು ಬೆಳೆದ ತಾಣವು ಸುಗಮ ಸಂಗೀತ. 1978ರಲ್ಲಿ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ಸಂಗೀತ ಕೂಡಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ಟು ಹೊರಬಂದ ಬಳಿಕ, ಕವಿತೆಯು ಸಿನಿಮಾದ ಹಂಗಿಲ್ಲದೆ ಮನೆಗಳನ್ನು ಹೊಕ್ಕಿತು. ಬೆಂಗಳೂರಿನ ಟೆಲಿಫೋನ್ ಕಾರ್ಖಾನೆಯಲ್ಲಿ ನೌಕರಿಯಲ್ಲಿದ್ದುಕೊಂಡೇ ರಂಗಭೂಮಿಗೂ ಸಿನಿಮಾಕ್ಕೂ ಸಂಗೀತವನ್ನು ಕೂಡಿಸಿದ ಅಶ್ವತ್ಥರು ಈ ಕ್ಷೇತ್ರದಲ್ಲಿ ನಾಟಕದ ಗುಣವನ್ನು ಮತ್ತೆ ತಂದರು. ಅವರ ಗಾಯನದಲ್ಲಿ ಶಬ್ದವನ್ನು ಎತ್ತಿ, ತಡೆದು, ಒಡೆದು ಹೇಳುವ ರೀತಿಯು ಕಚೇರಿಯ ಸಂಪ್ರದಾಯಕ್ಕಿಂತ ರಂಗದ ಉಚ್ಚಾರಕ್ಕೆ ಸಮೀಪವಾದುದು. ಕೆಲವರಿಗೆ ಅದು ಅತಿಯೆನಿಸಿದ್ದುಂಟು. ಆದರೆ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಶ್ರೀಧರ್ ಅವರ ಅಭಿನಯಕ್ಕೆ ಅಶ್ವತ್ಥರ ಕಂಠವು ಕೂಡಿದುದನ್ನು ಕೇಳಿದವರು, ಕಾಣದೆ ಇದ್ದು ನಟಿಸುವುದೂ ಸಾಧ್ಯವೆಂಬುದನ್ನು ಒಪ್ಪದಿರಲಾರರು. ಟಿ.ಎನ್. ಸೀತಾರಾಮರ ಧಾರಾವಾಹಿಗಳಿಗೆ ಎಚ್.ಎಸ್. ವೆಂಕಟೇಶಮೂರ್ತಿಯವರಂಥ ಕವಿಗಳು ಶೀರ್ಷಿಕೆಗೀತೆಗಳನ್ನು ಬರೆದಾಗ, ಭಾವಗೀತೆಯ ಈ ಸಂಪ್ರದಾಯವೇ ಪ್ರತಿದಿನವೂ ಕಿರುತೆರೆಯಲ್ಲಿ ಕೇಳಿಬರತೊಡಗಿತು. ಆದರೂ ಆ ಹಾಡು ಪಾತ್ರಗಳದಲ್ಲ, ಕಥೆಯ ಹೊರಗೆ ನಿಂತವರದು. ಭಾಗವತನು ಮತ್ತೆ ಪಕ್ಕದಲ್ಲಿ ಬಂದು ಕುಳಿತಂತಾಯಿತು.

ಆದುದರಿಂದ ನಟಿಯೂ ಗಾಯಕಿಯೂ ಆಗಿ ಇಂದು ಕಾಣುವವರ ಬೇರು ರಂಗದಲ್ಲಿಯೋ ಸುಗಮ ಸಂಗೀತದಲ್ಲಿಯೋ ಇರುತ್ತದೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ಗುಬ್ಬಿ ಕಂಪೆನಿಯಲ್ಲಿ ಬೆಳೆದು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ‘ಕರಿಮಾಯಿ’ಗಳಲ್ಲಿ ಅವರ ಹಾಡು ಕಂಪೆನಿ ನಾಟಕದ ತುಂಬುಕಂಠವನ್ನು ಇಪ್ಪತ್ತೊಂದನೆಯ ಶತಮಾನಕ್ಕೆ ದಾಟಿಸಿದೆ. ಪರಭಾಷೆಗಳಿಂದ ಬಂದ ಹಲವು ನಾಯಕಿಯರಿಗೆ ಕನ್ನಡದಲ್ಲಿ ಮಾತನಾಡಿದವರೂ ಅವರೇ. ಆ ಚಿತ್ರಗಳನ್ನು ನೋಡಿ ಮೆಚ್ಚಿದವರು ಯಾರನ್ನು ಮೆಚ್ಚಿದರೆಂಬುದು ಸುಲಭವಾಗಿ ಹೇಳುವಂಥದಲ್ಲ. 2001ರ ‘ನನ್ನ ಪ್ರೀತಿಯ ಹುಡುಗಿ’ಯ ಹಾಡೊಂದರಿಂದ ಅವರ ಕಂಠವು ಅವರ ಹೆಸರಿನಿಂದಲೇ ಹೊಸ ತಲೆಮಾರಿಗೆ ಪರಿಚಿತವಾಯಿತು. ಮುಖವನ್ನು ಅನುಸರಿಸಿ ಬರೆದ ಸಿನಿಮಾ ಚರಿತ್ರೆಯಲ್ಲಿ ಅವರಿಗೆ ಸಿಕ್ಕುವ ಪುಟಗಳು ಕೆಲವೇ. ಕಂಠವನ್ನು ಅನುಸರಿಸಿ ಬರೆದರೆ ಪುಟಗಳು ಬಹಳ ಹೆಚ್ಚಾದಾವು.

ಶೀರ್ಷಿಕೆಯ ವಿಷಯಕ್ಕೆ ಅತಿ ಸಮೀಪವಾಗಿ ಹೊಂದುವ ಉದಾಹರಣೆಯು ಎಂ.ಡಿ. ಪಲ್ಲವಿಯವರದು. ಸುಗಮ ಸಂಗೀತದ ಗಾಯಕಿಯಾಗಿ ಧ್ವನಿಮುದ್ರಿಕೆಗಳಿಂದ ಹೆಸರಾದ ಅವರು ಕಿರುತೆರೆಯ ಧಾರಾವಾಹಿಗಳಲ್ಲಿಯೂ ನಟಿಸಿದರು. 2007ರ ‘ದುನಿಯಾ’ ಚಿತ್ರದ ಹಾಡಿಗೆ ರಾಜ್ಯಪ್ರಶಸ್ತಿಯನ್ನು ಪಡೆದರು. 2008ರಲ್ಲಿ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ನೇತ್ರುವಿನ ಪಾತ್ರವನ್ನು ವಹಿಸಿದರು. ಅವರಲ್ಲಿಯೂ ಕಂಠವೇ ಮೊದಲು, ವೇಷವು ಅನಂತರದ್ದು. 2013ರಿಂದ ಅವರು ಜರ್ಮನಿಯ ನಿರ್ದೇಶಕಿ ಸೋಫಿಯಾ ಸ್ಟೆಫ್ ಅವರೊಡನೆ ಸೇರಿ ಪ್ರದರ್ಶಿಸಿದ ‘ಸಿ ಶಾರ್ಪ್ ಸಿ ಬ್ಲಂಟ್’ ಎಂಬ ಏಕವ್ಯಕ್ತಿ ನಾಟಕದಲ್ಲಿ ಅವರು ವಹಿಸುವುದು ಮನುಷ್ಯಪಾತ್ರವನ್ನಲ್ಲ. ಮೊಬೈಲ್ ಫೋನಿನೊಳಗಿದ್ದು, ಒಡೆಯನು ಬೇಡಿದಂತೆ ಬೇಡಿದ ಶೈಲಿಯಲ್ಲಿ ಹಾಡಿಕೊಡುವ ಒಂದು ಯಂತ್ರಗಾಯಕಿಯ ಪಾತ್ರವನ್ನು. ಆ ಹಾಡುವ ಯಂತ್ರದ ಹೆಸರು ಶಿಲ್ಪಾ.