ಭೂಸಂರಕ್ಷಣೆಯ ನೆರವು ಮತ್ತು ಪೇಟೆಯ ವಹಿವಾಟು: ಅಮೆರಿಕದ ಕೌಂಟಿಗಳ ಅನುಭವ

ರೈತರಿಗೆ ಸರ್ಕಾರ ನೀಡುವ ನೆರವಿನ ಪರಿಣಾಮವು ಹೊಲದ ಅಂಚಿನಲ್ಲಿ ನಿಲ್ಲುವುದಿಲ್ಲ. ಬೀಜ, ಗೊಬ್ಬರ ಹಾಗೂ ಯಂತ್ರೋಪಕರಣಗಳ ವರ್ತಕರಿಗೂ ಅದು ಲಾಭವನ್ನೋ ನಷ್ಟವನ್ನೋ ತರುತ್ತದೆ. ಅಮೆರಿಕದ ಗ್ರಾಮೀಣ ಕೌಂಟಿಗಳಲ್ಲಿ, ಅಂದರೆ ರಾಜ್ಯದ ಕೆಳಗಿನ ಆಡಳಿತ ವಿಭಾಗಗಳಲ್ಲಿ, ಜಾರಿಯಲ್ಲಿರುವ ಎರಡು ಯೋಜನೆಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

1930ರ ದಶಕದಲ್ಲಿ ಬರ ಹಾಗೂ ಮಿತಿಮೀರಿದ ಉಳುಮೆಯಿಂದಾಗಿ ಅಲ್ಲಿನ ಬಯಲು ಸೀಮೆಯ ಮೇಲ್ಮಣ್ಣು ಧೂಳಿನ ಬಿರುಗಾಳಿಯಾಗಿ ಹಾರಿಹೋಯಿತು. 1935ರಲ್ಲಿ ಮಣ್ಣಿನ ಸಂರಕ್ಷಣೆಗೆಂದೇ ಪ್ರತ್ಯೇಕ ಇಲಾಖೆಯು ಸ್ಥಾಪನೆಗೊಂಡಿತು. ಇಂದಿನ ಯೋಜನೆಗಳ ಬೇರು ಅಲ್ಲಿದೆ.

ಭೂಮಿಗೆ ವಿಶ್ರಾಂತಿ, ರೈತನಿಗೆ ಬಾಡಿಗೆ

1985ರ ಕಾಯಿದೆಯಡಿ ಆರಂಭವಾದ 'ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ' ಪ್ರಕಾರ, ಸವಕಳಿಗೆ ಈಡಾಗುವ ಜಮೀನಿನಲ್ಲಿ ಬೆಳೆ ಬಿಟ್ಟು ಹುಲ್ಲು ಅಥವಾ ಮರ ಬೆಳೆಸಲು ರೈತನು 10ರಿಂದ 15 ವರ್ಷಗಳ ಕರಾರು ಮಾಡಿಕೊಳ್ಳುತ್ತಾನೆ. ಸರ್ಕಾರವು ವಾರ್ಷಿಕ ಬಾಡಿಗೆಯ ಜೊತೆಗೆ ಹುಲ್ಲು, ಮರ ಬೆಳೆಸುವ ವೆಚ್ಚದ ಒಂದು ಭಾಗವನ್ನೂ ಭರಿಸುತ್ತದೆ. 2007ರಲ್ಲಿ ಸುಮಾರು 3.68 ಕೋಟಿ ಎಕರೆ ಈ ಯೋಜನೆಯಡಿ ಇತ್ತು. ತರುವಾಯ ಧಾನ್ಯದ ಬೆಲೆ ಏರಿದಾಗ ಅನೇಕ ರೈತರು ಉಳುಮೆಗೆ ಮರಳಿದರು. 2014ರ ಕಾಯಿದೆಯು ಗರಿಷ್ಠ ಮಿತಿಯನ್ನು ಹಂತಹಂತವಾಗಿ 2.4 ಕೋಟಿ ಎಕರೆಗೆ ಇಳಿಸಿತು. 2018ರ ಕಾಯಿದೆಯು 2023ನೇ ಸಾಲಿಗೆ ಅದನ್ನು 2.7 ಕೋಟಿಗೆ ಏರಿಸಿತು.

ವರ್ತಕರ ಹಿತಕ್ಕೆ ಶೇ. 25ರ ಮಿತಿ

ಉಳುಮೆ ನಿಂತ ಹೊಲಕ್ಕೆ ಡೀಸೆಲ್ ಬೇಡ, ಗೊಬ್ಬರ ಬೇಡ. ಅಲ್ಲಿಂದ ಗೋದಾಮಿಗೆ ಧಾನ್ಯವೂ ಬಾರದು. ಭೂಮಾಲೀಕನು ದೂರದ ನಗರದಲ್ಲಿ ನೆಲೆಸಿದ್ದರೆ ಬಾಡಿಗೆಯ ಹಣವೂ ಊರಿನಲ್ಲಿ ಉಳಿಯದು. ಈ ಅಪಾಯವನ್ನು ಮನಗಂಡೇ, ಯಾವುದೇ ಕೌಂಟಿಯ ಸಾಗುವಳಿ ಭೂಮಿಯ ಶೇ. 25ಕ್ಕಿಂತ ಹೆಚ್ಚು ಭಾಗವನ್ನು ಸಾಮಾನ್ಯವಾಗಿ ಯೋಜನೆಗೆ ಸೇರಿಸಬಾರದೆಂದು ಕಾನೂನು ವಿಧಿಸಿದೆ. ಮಿತಿ ಮೀರಲು ಅನುಮತಿ ನೀಡುವಾಗ ಸ್ಥಳೀಯ ಆರ್ಥಿಕತೆಗೆ ಧಕ್ಕೆಯಾಗದೆಂಬುದನ್ನು ಪರಿಗಣಿಸಬೇಕು. ಕೃಷಿ ಕಾನೂನೊಂದು ಪೇಟೆಯ ವಹಿವಾಟನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು ಗಮನಾರ್ಹ.

ಸಾಗುವಳಿಯೊಡನೆ ಸಂರಕ್ಷಣೆ

1996ರ ಕಾಯಿದೆಯಿಂದ ಬಂದ 'ಈಕ್ವಿಪ್' ಯೋಜನೆಯ ಮಾರ್ಗ ಭಿನ್ನವಾದುದು. ಇಲ್ಲಿ ಸಾಗುವಳಿ ನಿಲ್ಲುವುದಿಲ್ಲ. ನೀರಾವರಿ ಸುಧಾರಣೆ, ಬೇಲಿ, ಜಾನುವಾರುಗಳಿಗೆ ನೀರಿನ ವ್ಯವಸ್ಥೆ, ಸಗಣಿ ಸಂಗ್ರಹಾಗಾರ ಮುಂತಾದ ಕಾಮಗಾರಿಗಳಿಗೆ ಸಾಮಾನ್ಯವಾಗಿ ಶೇ. 75ರವರೆಗೆ ನೆರವು ದೊರೆಯುತ್ತದೆ. ಕರಾರಿಗೆ ಸಹಿ ಬೀಳುವ ಮೊದಲೇ ಆರಂಭಿಸಿದ ಕೆಲಸಕ್ಕೆ ಸಾಮಾನ್ಯವಾಗಿ ಹಣ ಸಿಗದು. ನಿಗದಿತ ತಾಂತ್ರಿಕ ಮಾನದಂಡದಂತೆ ಕೆಲಸ ಪೂರ್ಣಗೊಂಡ ಮೇಲೆ ಪಾವತಿಯಾಗುವುದೇ ವಾಡಿಕೆ.

ಆದುದರಿಂದ ಪೈಪು, ಪಂಪು, ತಂತಿ ಪೂರೈಸುವವರು ಎರಡು ಅಂಶಗಳನ್ನು ಅರಿತಿರಬೇಕಾಗುತ್ತದೆ. ಸರಕು ಮಾನದಂಡಕ್ಕೆ ಹೊಂದದಿದ್ದರೆ ರೈತನ ಸಹಾಯಧನಕ್ಕೇ ಕುತ್ತು. ಸಹಾಯಧನ ಕೈಸೇರುವವರೆಗೆ ರೈತನು ಸಾಲದ ಮೇಲೆ ಸರಕು ಕೇಳುವ ಸಂಭವವಿರುವುದರಿಂದ, ದುಡಿಯುವ ಬಂಡವಾಳದ ಏರ್ಪಾಡು ಮೊದಲೇ ಇರಬೇಕು.

ಭೂಮಿಗೆ ವಿಶ್ರಾಂತಿ ನೀಡುವ ಯೋಜನೆಯು ಮಣ್ಣನ್ನು ಉಳಿಸಿದರೂ ಪೇಟೆಯ ವಹಿವಾಟನ್ನು ತಗ್ಗಿಸಬಲ್ಲದು. ಸಾಗುವಳಿಯಲ್ಲಿ ಹೂಡಿಕೆ ಮಾಡಿಸುವ ಯೋಜನೆಯು ವಹಿವಾಟನ್ನು ಹೆಚ್ಚಿಸಬಲ್ಲದು. ಯಾವುದೇ ಕೃಷಿ ನೆರವಿನ ಯೋಜನೆ ಪ್ರಕಟವಾದಾಗ, ಅದು ಈ ಎರಡರಲ್ಲಿ ಯಾವ ಬಗೆಯದೆಂದು ವರ್ತಕರು ಮೊದಲು ಪರಿಶೀಲಿಸುವುದು ಒಳಿತು.