ಲೈಬ್ರರಿ ಕಾಣೆಯಾದ ಆ ರಾತ್ರಿ

"ಲೈಬ್ರರಿ ಸಿಗ್ತಾ ಇಲ್ಲ ಅಪ್ಪಾ..."

ಭಾನುವಾರ ರಾತ್ರಿ ಒಂಬತ್ತಾದರೂ ಊಟಕ್ಕೆ ಏಳದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ನನ್ನನ್ನು ಏನಾಯ್ತೆಂದು ಕೇಳಿದ ಅಪ್ಪನಿಗೆ ನಾನು ಕೊಟ್ಟ ಉತ್ತರವಿದು. "ಅಷ್ಟೇ ತಾನೆ? ನಾಳೆ ಹೇಗೂ ಸುಳ್ಯಕ್ಕೆ ಹೋಗ್ಲಿಕ್ಕುಂಟಲ್ಲ, ಅಲ್ಲಿನ ಲೈಬ್ರರಿಯಲ್ಲಿ ಕೇಳು" ಅಂದರು. ನಗು ಬರಬೇಕಿತ್ತು, ಅಳು ಬಂತು.

ಬೆಂಗಳೂರಿನ ಕಂಪನಿಯೊಂದು ಸೋಮವಾರ ಆನ್‌ಲೈನ್ ಸಂದರ್ಶನಕ್ಕೆ ಕರೆದಿತ್ತು. ಫೈನಲ್ ಇಯರ್ ಪ್ರಾಜೆಕ್ಟನ್ನು ನನ್ನದೇ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ತೋರಿಸಬೇಕಿತ್ತು. ಏಳು ಕಡೆ ಅರ್ಜಿ ಹಾಕಿದ್ದರಲ್ಲಿ ಕರೆ ಬಂದದ್ದು ಇದೊಂದೇ. ಸಂಪಾಜೆಯ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಹಾಗಾಗಿ ಬೆಳಗ್ಗಿನ ಬಸ್ಸಿಗೆ ಸುಳ್ಯದ ಗೆಳತಿಯ ರೂಮಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಹೊರಡುವ ಮೊದಲು ಒಮ್ಮೆ ಓಡಿಸಿ ನೋಡೋಣವೆಂದರೆ ಸರ್ವರ್ ಶುರುವಾದರೂ ನನ್ನ ಆ್ಯಪ್ ಮಾತ್ರ ಏಳಲಿಲ್ಲ.

ಪರದೆಯ ತುಂಬ ಕಂಡ ಸಾಲುಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 'ಟಾಮ್‌ಕ್ಯಾಟ್ ನೇಟಿವ್ ಲೈಬ್ರರಿ ಸಿಗಲಿಲ್ಲ' ಎಂಬ ಮಾತು. ಇದೇ ಕಳ್ಳ ಎಂದುಕೊಂಡೆ. ಫೋನಿನ ಹಾಟ್‌ಸ್ಪಾಟ್ ಹಾಕಿ ಅದನ್ನು ಹುಡುಕಿ ಇನ್‌ಸ್ಟಾಲ್ ಮಾಡುವುದರಲ್ಲೇ ಸಂಜೆ ಕಳೆಯಿತು, ಡೇಟಾ ಮುಗಿಯಿತು. ಆ ಸಾಲು ಹೋಯಿತು, ಆ್ಯಪ್ ಏಳಲಿಲ್ಲ.

ಗೆಳತಿಗೆ ಫೋನ್ ಮಾಡಿದೆ. "ಹಳೇ ಪ್ರಾಜೆಕ್ಟಿನಲ್ಲಿ ಸರ್ವ್ಲೆಟ್ ಜಾರ್ ಫೈಲ್ ಇರ್ತದಲ್ಲ ಮಾರಾಯ್ತಿ, ಅದನ್ನು ಆ್ಯಪಿನ ಲಿಬ್ ಫೋಲ್ಡರಿಗೆ ಹಾಕಿ ನೋಡು" ಅಂದಳು. ಹಾಕಿದೆ. ತಪ್ಪಿನ ಸಾಲು ಮಾಯವಾಯಿತು! ಕುಣಿಯುವಷ್ಟರಲ್ಲಿ ಪುಟ ತೆರೆದರೆ, 'ಈ ಕ್ಲಾಸ್ ಸರ್ವ್ಲೆಟ್ ಅಲ್ಲ' ಎಂಬ ಹೊಸ ರಗಳೆ. ಅಷ್ಟರಲ್ಲಿ ಕರೆಂಟೂ ಹೋಯಿತು, ನೆಟ್‌ವರ್ಕೂ ಹೋಯಿತು. ಬ್ಯಾಟರಿ ಅರ್ಧವಿತ್ತು.

ಇನ್ನು ಕೇಳಲು ಯಾರೂ ಇಲ್ಲ ಎಂದಾದ ಮೇಲೆಯೇ ನಾನು ಲಾಗ್ ಓದಿದ್ದು. ಆ ಜಾರ್ ಫೈಲನ್ನು ತೆಗೆದುಹಾಕಿ, ಮತ್ತೆ ಶುರು ಮಾಡಿ, ಮೊದಲ ಸಾಲಿನಿಂದ ಓದುತ್ತಾ ಬಂದೆ. ಆಗ ಗೊತ್ತಾಯಿತು, ಪ್ರತಿ ಸಂದೇಶಕ್ಕೂ ಒಂದು ಹಣೆಪಟ್ಟಿ ಇರುತ್ತದೆ. ನಾನು ಸಂಜೆಯಿಡೀ ಬೆನ್ನು ಹತ್ತಿದ್ದ ಸಾಲಿನ ಹಣೆಪಟ್ಟಿ 'ಇನ್ಫೋ', ಅಂದರೆ ಬರೀ ಮಾಹಿತಿ. ಆ ಲೈಬ್ರರಿ ಇಲ್ಲದೆಯೂ ಟಾಮ್‌ಕ್ಯಾಟ್ ನಡೆಯುತ್ತದೆ. 'ಸಿವಿಯರ್' ಎಂಬ ಹಣೆಪಟ್ಟಿ ಇದ್ದದ್ದು ತುಂಬ ಕೆಳಗೆ. ಅಲ್ಲಿ 'ಕಾಸ್ಡ್ ಬೈ' ಎಂದು ಕಾರಣವನ್ನೂ ಬರೆದಿತ್ತು: ಜಾವಾಎಕ್ಸ್ ಎಂದು ಶುರುವಾಗುವ ಸರ್ವ್ಲೆಟ್ ಕ್ಲಾಸ್ ಸಿಗಲಿಲ್ಲ.

ಕಾಲೇಜಿನ ಲ್ಯಾಬ್‌ನಲ್ಲಿ ಇದ್ದದ್ದು ಟಾಮ್‌ಕ್ಯಾಟ್ 9. ಹೊಸದೇ ಇರಲಿ ಎಂದು ನಾನು ಮನೆಯಲ್ಲಿ ಹಾಕಿದ್ದು 10. ಒರಾಕಲ್ ಕಂಪನಿ 2017ರಲ್ಲಿ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್‌ಗೆ ಒಪ್ಪಿಸಲು ಮುಂದಾಯಿತು. ಆದರೆ ಜಾವಾ ಎಂಬ ಟ್ರೇಡ್‌ಮಾರ್ಕ್ ತನ್ನಲ್ಲೇ ಉಳಿಸಿಕೊಂಡಿತು. ಹಾಗಾಗಿ ಅದು ಜಕಾರ್ತಾ ಇಇ ಆಯಿತು. 2020ರಲ್ಲಿ ಬಂದ ಅದರ 9ನೇ ಆವೃತ್ತಿಯಲ್ಲಿ ಒಳಗಿನ ಜಾವಾಎಕ್ಸ್ ಹೆಸರುಗಳೂ ಜಕಾರ್ತಾ ಆದವು. ಟಾಮ್‌ಕ್ಯಾಟ್ 10ಕ್ಕೆ ಗೊತ್ತಿರುವುದು ಹೊಸ ಹೆಸರು ಮಾತ್ರ. ನನ್ನ ಕೋಡ್ ಹಳೇ ಹೆಸರು ಹಿಡಿದು ಕೂಗುತ್ತಿತ್ತು.

ಪರಿಹಾರವೂ ಲ್ಯಾಪ್‌ಟಾಪಿನಲ್ಲೇ ಇತ್ತು. ಟಾಮ್‌ಕ್ಯಾಟ್ ಜೊತೆಗೇ ಬರುವ ಡಾಕ್ಸ್ ಫೋಲ್ಡರನ್ನು ನಾನು ಅಲ್ಲಿಯವರೆಗೆ ತೆರೆದೇ ಇರಲಿಲ್ಲ. ಹಳೇ ಆ್ಯಪನ್ನು 'ವೆಬ್‌ಆ್ಯಪ್ಸ್-ಜಾವಾಇಇ' ಎಂಬ ಫೋಲ್ಡರಿನಲ್ಲಿ ಇಟ್ಟರೆ ಸರ್ವರ್ ತಾನೇ ಹೊಸ ಹೆಸರಿಗೆ ಬದಲಾಯಿಸಿಕೊಳ್ಳುತ್ತದೆ ಎಂದು ಅದರಲ್ಲಿತ್ತು. ಆ ಫೋಲ್ಡರ್ ಮಾಡಿ ಇಟ್ಟೆ. ಆ್ಯಪ್ ಎದ್ದಿತು. ಸಮಯವಿದ್ದರೆ ಕೋಡಿನಲ್ಲೇ ಹೆಸರು ಬದಲಿಸುವುದು ಒಳ್ಳೆಯದು, ಇಲ್ಲವೇ ಟಾಮ್‌ಕ್ಯಾಟ್ 9 ಹಾಕಬಹುದು. ಆ ರಾತ್ರಿಗೆ ಅಷ್ಟು ಸಾಕಾಗಿತ್ತು.

ಬೆಳಗ್ಗೆ ಬಸ್ಸಿಗೆ ಕಾಯುವಾಗ ಅಪ್ಪ ಕೇಳಿದರು, "ಲೈಬ್ರರಿ ಸಿಕ್ಕಿತಾ?"

"ಸಿಕ್ಕಿತು ಅಪ್ಪಾ. ಹೆಸರು ಬದಲಾಗಿತ್ತು ಅಷ್ಟೇ."

"ಓ, ಮರ್ಕೆರಾ ಮಡಿಕೇರಿ ಆದ ಹಾಗೆ. ಈಗ ಮರ್ಕೆರಾ ಬೋರ್ಡಿನ ಬಸ್ಸಿಗೆ ಕಾದರೆ ಕಾದದ್ದೇ."

ಸಂದರ್ಶನದಲ್ಲಿ ಪ್ರಾಜೆಕ್ಟ್ ಓಡಿತು. "ಇದರಲ್ಲಿ ನಿಮಗೆ ಕಷ್ಟವಾದದ್ದು ಯಾವುದು?" ಎಂದು ಕೇಳಿದಾಗ ರಾತ್ರಿಯ ಕಥೆಯನ್ನೇ ಹೇಳಿದೆ, ಅಪ್ಪನ ಮರ್ಕೆರಾ ಸಮೇತ. ಮುಂದಿನ ಸುತ್ತಿಗೆ ಕರೆದರು. ಅಲ್ಲಿ ಆಗಲಿಲ್ಲ, ಅದು ಬೇರೆ ಮಾತು. ಅರ್ಜಿ ಹಾಕುವುದನ್ನು ನಿಲ್ಲಿಸಿಲ್ಲ.

ಈಗ ಎರರ್ ಬಂದರೆ ಮೊದಲ ಸಾಲಿಗೇ ಗಾಬರಿಯಾಗುವುದಿಲ್ಲ. ಹಣೆಪಟ್ಟಿ ನೋಡುತ್ತೇನೆ, 'ಕಾಸ್ಡ್ ಬೈ' ಹುಡುಕುತ್ತೇನೆ, ಇಲ್ಲಿರುವ ಆವೃತ್ತಿ ಯಾವುದು, ಲ್ಯಾಬಿನಲ್ಲಿದ್ದದ್ದು ಯಾವುದು ಎಂದು ಹೋಲಿಸುತ್ತೇನೆ. ಯಾರೋ ಹೇಳಿದರೆಂದು ಸಿಕ್ಕ ಜಾರ್ ಫೈಲ್ ತುರುಕುವುದನ್ನು ಬಿಟ್ಟಿದ್ದೇನೆ. ಗೆಳತಿಗೆ ಫೋನ್ ಮಾಡುವುದನ್ನು ಬಿಟ್ಟಿಲ್ಲ, ಆದರೆ ಅದು ಲಾಗ್ ಪೂರ್ತಿ ಓದಿದ ಮೇಲೆ.